ಉಡುಗೆಯ ಕರ್ತೃನಾಮ: ಸುರಪುರ–ಶಹಾಪುರ ಸೀಮೆಯ ಆಧಾರಗಳಿಂದ ಒಂದು ವಿಚಾರ

ಕ್ರಿ. ಶ. ೨೦೨೫ನೆಯ ಜೂನ್ ತಿಂಗಳಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಪ್ರಾಡಾ ಎಂಬ ಉಡುಗೆವಿನ್ಯಾಸ ಸಂಸ್ಥೆಯವರು ಮರುವರ್ಷದ ವಸಂತಗ್ರೀಷ್ಮಗಳಿಗಾಗಿ ಸಿದ್ಧಪಡಿಸಿದ ಪುರುಷರ ಉಡುಗೆಗಳನ್ನು ಸಭಿಕರ ಮುಂದೆ ಪ್ರದರ್ಶಿಸಿದರು. ಒಬ್ಬರ ಹಿಂದೊಬ್ಬರಾಗಿ ನಡೆದುಬಂದ ತರುಣರಲ್ಲಿ ಕೆಲವರು ಮೆಟ್ಟಿದ್ದ ಪಾದರಕ್ಷೆಗಳು ಕೊಲ್ಹಾಪುರದ ಹೆಸರಿನಲ್ಲಿ ಪ್ರಸಿದ್ಧವಾಗಿರುವ ಚಪ್ಪಲಿಗಳನ್ನೇ ಹೋಲುತ್ತಿದ್ದುವು. ಪ್ರದರ್ಶಕರಾದರೋ ಅವನ್ನು ತೊಗಲಿನ ಪಾದರಕ್ಷೆಗಳೆಂದು ಮಾತ್ರ ಕರೆದಿದ್ದರು. ಚಿತ್ರಗಳು ಭರತಖಂಡವನ್ನು ಮುಟ್ಟಿದೊಡನೆ ದೊಡ್ಡ ಕೋಲಾಹಲವೆದ್ದಿತು. ಇಂತಹ ಪ್ರದರ್ಶನಗಳಾದಾಗಲೆಲ್ಲ ಬಣ್ಣ ಹೇಗಿದೆ, ಕತ್ತರಿಕೆ ಹೇಗಿದೆ, ಹೊಸತೇನು, ಹಳತೇನು ಎಂದು ಚರ್ಚೆ ನಡೆಯುವುದು ವಾಡಿಕೆ. ಈ ಸಲ ಅಂತಹ ಚರ್ಚೆ ನಡೆಯಲೇ ಇಲ್ಲವೆನ್ನಬಹುದು. ಚಪ್ಪಲಿ ಅಂದವಾಗಿದೆಯೆ ಎಂದು ಕೇಳಿದವರು ಕಡಮೆ; ಅದು ಯಾರದು ಎಂದು ಕೇಳಿದವರೇ ಎಲ್ಲರೂ.

ಈ ಪ್ರಶ್ನೆ ಮಿಲಾನಿನಲ್ಲಿ ಹುಟ್ಟಿದ್ದಲ್ಲ. ಸಭೆಯ ಮುಂದೆ ತಂದಿಟ್ಟ ಉಡುಗೆಯೊಂದಕ್ಕೆ ಮೂರು ಬಗೆಯ ಹೆಸರುಗಳು ಅಂಟಿಕೊಳ್ಳಬಹುದು. ಅದು ಹುಟ್ಟಿದ ಊರಿನದು ಒಂದು. ಅದನ್ನು ನೆಯ್ದ ಅಥವಾ ಹೊಲಿದ ಕೈಯದು ಒಂದು. ಅದನ್ನು ಸಭೆಗೆ ತಂದು ತೋರಿಸಿದವನದು ಒಂದು. ಇವುಗಳನ್ನು ಅನುಕ್ರಮವಾಗಿ ದೇಶನಾಮ, ಕರ್ತೃನಾಮ, ಪ್ರದರ್ಶಕನಾಮಗಳೆಂದು ಕರೆಯಬಹುದು. ಯಾವ ಕಾಲದಲ್ಲಿ ಯಾವ ಹೆಸರು ಮೇಲಾಯಿತು, ಯಾವುದು ಅಳಿಯಿತು ಎಂಬುದನ್ನು ಅರಿಯಲು ಕೃಷ್ಣಾ–ಭೀಮಾ ನದಿಗಳ ನಡುವಣ ಸಗರನಾಡು, ಎಂದರೆ ಈಗಿನ ಯಾದಗಿರಿ, ಶಹಾಪುರ, ಸುರಪುರಗಳ ಪ್ರದೇಶವು, ಅನಿರೀಕ್ಷಿತವಾದ ಸಾಮಗ್ರಿಯನ್ನು ಒದಗಿಸುತ್ತದೆ. ಉಡುಗೆಯನ್ನು ಕುರಿತ ಚರ್ಚೆಗೆ ಈ ಸೀಮೆಯ ಹೆಸರನ್ನು ಎತ್ತುವವರು ವಿರಳ. ಆದರೂ ಕನ್ನಡ ನಾಡಿನಲ್ಲಿ ಹೆಸರು ಉಳಿದಿರುವ ನೇಕಾರರಲ್ಲಿ ಅಗ್ರಗಣ್ಯನಾದವನು ಈ ಮಣ್ಣಿನವನೇ ಎಂಬುದನ್ನು ಮರೆಯಲಾಗದು.

ಮೊದಲು ದೇಶನಾಮದ ವಿಚಾರ. ಕಲ್ಯಾಣದ ಚಾಲುಕ್ಯರ ಆಳಿಕೆಗೆ ಈ ನಾಡು ಒಳಪಟ್ಟಿತ್ತು. ಶಹಾಪುರಕ್ಕೆ ಸಮೀಪದ ಶಿರವಾಳದ ದೇವಾಲಯಗಳೇ ಅದಕ್ಕೆ ಸಾಕ್ಷಿ. ಆ ವಂಶದ ಮೂರನೆಯ ಸೋಮೇಶ್ವರನು ಸುಮಾರು ಕ್ರಿ. ಶ. ೧೧೨೯ರಲ್ಲಿ ರಚಿಸಿದ ಮಾನಸೋಲ್ಲಾಸವು, ಅಭಿಲಷಿತಾರ್ಥಚಿಂತಾಮಣಿಯೆಂದೂ ಹೆಸರಾದುದು, ಐದು ವಿಂಶತಿಗಳಲ್ಲಿ ನೂರು ಅಧ್ಯಾಯಗಳಾಗಿ ಹರಡಿಕೊಂಡಿದೆ. ಇದರ ಮೊದಲ ಭಾಗವನ್ನು ಬರೋಡೆಯ ಗಾಯಕವಾಡ ಪ್ರಾಚ್ಯಮಾಲೆಯಲ್ಲಿ ೧೯೨೫ರಲ್ಲಿ ಪ್ರಕಟಿಸಲಾಯಿತು. ಮರುವರ್ಷವೇ ಮೈಸೂರಿನಿಂದಲೂ ಒಂದು ಭಾಗ ಹೊರಬಂದಿತು. ಮೂರನೆಯ ವಿಂಶತಿಯ ವಿಷಯ ರಾಜನ ಉಪಭೋಗಗಳು. ಮನೆ, ಸ್ನಾನ, ತಾಂಬೂಲ, ಲೇಪನ ಮೊದಲಾದುವುಗಳ ಸಾಲಿನಲ್ಲಿ ಪಾದುಕೆಗೊಂದು, ವಸ್ತ್ರಕ್ಕೊಂದು ಪ್ರತ್ಯೇಕವಾದ ಪ್ರಕರಣವಿರುವುದು ಗಮನಿಸತಕ್ಕದ್ದು. ಮಿಲಾನಿನಲ್ಲಿ ಚಪ್ಪಲಿಯು ಉಡುಗೆಯ ಬಾಲವಾಗಿ ಬಂದಿತು. ಚಾಲುಕ್ಯ ಚಕ್ರವರ್ತಿಯ ಗ್ರಂಥದಲ್ಲಿ ಅದಕ್ಕೆ ಸ್ವತಂತ್ರವಾದ ಪೀಠವೇ ಇದೆ.

ವಸ್ತ್ರೋಪಭೋಗದ ಪ್ರಕರಣವು ವಾಸ್ತವದಲ್ಲಿ ಒಂದು ಪ್ರದರ್ಶನದ ವರ್ಣನೆಯೇ ಆಗಿದೆ. ನಾನಾ ದೇಶಗಳಿಂದ ಬಂದ ಬಟ್ಟೆಗಳನ್ನು ರಾಜನ ಮುಂದೆ ತಂದು ಹರಡಬೇಕು; ಅವನು ನೋಡಿ, ಆರಿಸಿ, ಉಡಬೇಕು. ಚೋಳದೇಶ, ನಾಗಪಟ್ಟಣ, ಸಿಂಹಳದ್ವೀಪ, ಮೂಲಸ್ಥಾನ, ಕಳಿಂಗ, ವಂಗ, ಮಹಾಚೀನ ಮುಂತಾದ ಹೆಸರುಗಳು ಅಲ್ಲಿ ಬರುತ್ತವೆ. ಮೂಲಸ್ಥಾನವೆಂದರೆ ಈಗಿನ ಮುಲ್ತಾನು. ಹತ್ತಿ, ರೇಷ್ಮೆ, ನಾರು, ಉಣ್ಣೆ ಎಂಬ ಮೂಲದ್ರವ್ಯದ ಭೇದವುಂಟು, ಬಣ್ಣದ ಭೇದವುಂಟು, ಗೆರೆ, ಚೌಕಳಿ, ಚುಕ್ಕೆಗಳ ಭೇದವುಂಟು. ಎಲ್ಲಕ್ಕಿಂತ ಹೆಚ್ಚಾಗಿ ಋತುಭೇದವುಂಟು. ಬೇಸಗೆಗೆ ತೆಳುವಾದ ಬಿಳಿಯ ಬಟ್ಟೆ, ಚಳಿಗಾಲಕ್ಕೆ ಉಣ್ಣೆಯ ಉಡುಗೆ ಎಂಬಂತೆ ಕಾಲಕ್ಕೆ ತಕ್ಕ ವಿಧಾನವನ್ನು ಗ್ರಂಥಕಾರನು ಹೇಳುತ್ತಾನೆ. ಇಂದಿನ ವಿನ್ಯಾಸಸಪ್ತಾಹಗಳಲ್ಲಿಯೂ ಋತುವಿನ ಹೆಸರಿಲ್ಲದೆ ಯಾವ ಪ್ರದರ್ಶನವೂ ನಡೆಯದು. ಮುಂಬಯಿಯ ಲ್ಯಾಕ್ಮೆ ಸಪ್ತಾಹವು ಬೇಸಗೆಯದೊಂದು, ಚಳಿಗಾಲ ಮತ್ತು ಹಬ್ಬಗಳದೊಂದು ಎಂದು ವರ್ಷವನ್ನು ಎರಡಾಗಿ ಹಂಚಿಕೊಂಡುದು ಬಹುಜನಕ್ಕೆ ತಿಳಿದ ವಿಷಯ. ಆದರೆ ಹೋಲಿಕೆಯನ್ನು ಅತಿಯಾಗಿ ಎಳೆಯಬಾರದು. ಸೋಮೇಶ್ವರನು ನೋಡಿದ ಬಟ್ಟೆಯನ್ನು ಆ ಋತುವಿನಲ್ಲಿಯೇ ಉಡುತ್ತಿದ್ದನು. ಈಗಿನ ಪ್ರದರ್ಶನವಾದರೋ ಬರಲಿರುವ ಋತುವಿನದು. ವ್ಯಾಪಾರಿಯು ಬೇಡಿಕೆ ಕೊಡಲು, ಕಾರ್ಖಾನೆಯು ಹೊಲಿಯಲು, ಅಂಗಡಿಯು ತುಂಬಿಕೊಳ್ಳಲು ಬೇಕಾದ ಆರು ತಿಂಗಳ ಅವಧಿಯನ್ನು ಲೆಕ್ಕಹಾಕಿಯೇ ದಿನ ಗೊತ್ತುಮಾಡಿರುತ್ತಾರೆ. ಹೀಗೆ ಋತುವೆಂಬ ಶಬ್ದವು ಹವೆಯಿಂದ ಬೇರ್ಪಟ್ಟು ವರ್ತಕರ ಪಂಚಾಂಗವನ್ನು ಸೇರಿತು.

ಮಾನಸೋಲ್ಲಾಸದ ಈ ಪ್ರಕರಣದಲ್ಲಿ ಒಬ್ಬ ನೇಕಾರನ ಹೆಸರೂ ಇಲ್ಲ, ಒಬ್ಬ ವರ್ತಕನ ಹೆಸರೂ ಇಲ್ಲ. ಬಟ್ಟೆಯ ಯೋಗ್ಯತೆಗೆ ಊರಿನ ಹೆಸರೇ ಪ್ರಮಾಣ. ನಾಗಪಟ್ಟಣದ್ದೆಂದರೆ ಸಾಕು; ನೂಲಿನ ಸಣ್ಣತನ, ಬಣ್ಣದ ನಿಲುಗಡೆ, ಬೆಲೆ ಎಲ್ಲವೂ ತಿಳಿದಂತೆಯೇ. ಸಂಗೀತವನ್ನೂ ಚಿತ್ರಲೇಪನವನ್ನೂ ಅಡುಗೆಯನ್ನೂ ಅಷ್ಟು ಸೂಕ್ಷ್ಮವಾಗಿ ಬಿಡಿಸಿ ಹೇಳಿದ ಗ್ರಂಥಕಾರನಿಗೆ ನೇಯ್ದವನನ್ನು ಹೆಸರಿಸಬೇಕೆಂದು ತೋರಲಿಲ್ಲ.

ಇದು ಅವನೊಬ್ಬನ ಅನಾದರವಲ್ಲ, ಶಾಸ್ತ್ರಪರಂಪರೆಯ ರೀತಿ. ಭರತನ ನಾಟ್ಯಶಾಸ್ತ್ರದಲ್ಲಿ ಆಹಾರ್ಯಾಭಿನಯದ ಪ್ರಕರಣವು ವೇಷವನ್ನು ಶುದ್ಧ, ವಿಚಿತ್ರ, ಮಲಿನ ಎಂದು ಮೂರಾಗಿ ವಿಂಗಡಿಸುತ್ತದೆ. ದೇಶಕ್ಕೆ ಒಗ್ಗದ ವೇಷವು ಶೋಭಿಸದು, ಸೊಂಟದ ಪಟ್ಟಿಯನ್ನು ಎದೆಗೆ ಕಟ್ಟಿಕೊಂಡರೆ ನಗೆಗೀಡಾಗುತ್ತದೆ ಎಂಬ ಔಚಿತ್ಯದ ಮಾತೂ ಅಲ್ಲಿದೆ. ಮಿಲಾನಿನಲ್ಲಾಗಲಿ ಪ್ಯಾರಿಸಿನಲ್ಲಾಗಲಿ ಸೊಂಟದ ಪಟ್ಟಿ ಎದೆಗೇರುವುದು ಇಂದು ನಗೆಯ ವಿಷಯವಲ್ಲ. ಅದೇ ಆ ವರ್ಷದ ನವೀನತೆಯೆನಿಸಲೂಬಹುದು. ಅದು ಹಾಗಿರಲಿ. ಪ್ರಕೃತಕ್ಕೆ ಹೆಚ್ಚು ಉಪಯುಕ್ತವಾದುದು ಇಪ್ಪತ್ತೇಳನೆಯ ಅಧ್ಯಾಯ. ಪ್ರಯೋಗವನ್ನು ನೋಡಿ ತೀರ್ಪು ಹೇಳತಕ್ಕ ಪ್ರಾಶ್ನಿಕರು ಯಾರೆಂಬುದನ್ನು ಭರತನು ಅಲ್ಲಿ ಎಣಿಸುತ್ತಾನೆ. ಯಜ್ಞವನ್ನು ಬಲ್ಲವನು, ನರ್ತಕನು, ಛಂದಸ್ಸನ್ನು ಬಲ್ಲವನು, ಶಬ್ದವನ್ನು ಬಲ್ಲವನು, ಅರಸನು, ಬಿಲ್ಲುಗಾರನು, ಚಿತ್ರಕಾರನು, ವೇಶ್ಯೆ, ಗಾಯಕನು, ರಾಜಸೇವಕನು ಎಂದು ಅವರು ಹತ್ತು ಮಂದಿ. ಒಬ್ಬೊಬ್ಬರಿಗೆ ಒಂದೊಂದು ಅಂಗದ ಮೇಲೆ ಅಧಿಕಾರ. ನೇಪಥ್ಯದ, ಎಂದರೆ ಉಡುಗೆತೊಡುಗೆಗಳ, ಗುಣದೋಷವನ್ನು ನಿರ್ಣಯಿಸತಕ್ಕವನು ಚಿತ್ರಕಾರ. ಇದು ಅರ್ಥಗರ್ಭಿತವಾದ ನಿಯಮ. ವೇಷವು ದೂರದಿಂದ ಕಣ್ಣಿಗೆ ಬೀಳುವಾಗ ರೇಖೆಯಾಗಿಯೂ ವರ್ಣವಾಗಿಯೂ ತೋರುತ್ತದೆಯೇ ಹೊರತು ಹಾಸುಹೊಕ್ಕುಗಳಾಗಿ ಅಲ್ಲ. ಆದುದರಿಂದ ರೇಖಾವರ್ಣಗಳನ್ನು ಬಲ್ಲವನೇ ನ್ಯಾಯಾಧೀಶ. ಈಗ ಪ್ರದರ್ಶನಗಳನ್ನು ಛಾಯಾಚಿತ್ರಗಳಲ್ಲಿ ನೋಡಿ ವಿಮರ್ಶಿಸುವವರು ತಮಗರಿಯದೆಯೇ ಭರತನ ಚಿತ್ರಕಾರನ ಆಸನದಲ್ಲಿ ಕುಳಿತಿದ್ದಾರೆ. ಆ ಆಸನದಿಂದ ಕಾಣುವುದೂ ಅದೇ, ಕಾಣದಿರುವುದೂ ಅದೇ. ಹತ್ತು ಮಂದಿಯ ಪಟ್ಟಿಯಲ್ಲಿ ನೇಕಾರನಿಗೆ ಸ್ಥಳವಿಲ್ಲ.

ಕರ್ತೃವಿನ ಹೆಸರನ್ನು ಮೊದಲು ಎತ್ತಿ ಹಿಡಿದುದು ಶಾಸ್ತ್ರವಲ್ಲ, ಅರಮನೆಯಲ್ಲ, ಶರಣಸಾಹಿತ್ಯ. ಸುರಪುರ ಸೀಮೆಯ ಮುದನೂರು ಜೇಡರ ದಾಸಿಮಯ್ಯನ ಊರು. ಅಲ್ಲಿಯ ರಾಮನಾಥನೇ ಅವನ ಆರಾಧ್ಯದೈವ. ವಚನಗಳ ಅಂಕಿತವೂ ಅದೇ. ಚಾಲುಕ್ಯ ಜಯಸಿಂಹನ ರಾಣಿ ಸುಗ್ಗಲದೇವಿಗೆ ಗುರುವಾಗಿದ್ದ ದೇವರ ದಾಸಿಮಯ್ಯನೂ ಈ ಜೇಡರ ದಾಸಿಮಯ್ಯನೂ ಒಬ್ಬನೇ ಅಥವಾ ಇಬ್ಬರೇ ಎಂಬ ವಿಚಾರದಲ್ಲಿ ವಿದ್ವಾಂಸರು ಏಕಾಭಿಪ್ರಾಯರಾಗಿಲ್ಲ, ಇಬ್ಬರೆಂದು ಎಂ. ಚಿದಾನಂದಮೂರ್ತಿಗಳು ವಾದಿಸಿದರು. ಉಡುಗೆಯ ವಿಚಾರಕ್ಕೆ ಆ ಜಿಜ್ಞಾಸೆಯ ತೀರ್ಮಾನ ಅನಿವಾರ್ಯವಲ್ಲ. ಮಗ್ಗದ ಕಥೆಯೆಲ್ಲ ಜೇಡರ ದಾಸಿಮಯ್ಯನಿಗೆ ಸೇರಿದುದೆಂಬುದು ಹೆಸರಿನಿಂದಲೇ ಸ್ಪಷ್ಟ. ಜೇಡನೆಂದರೆ ನೇಕಾರ. ನೇಯುವ ಹುಳುವಿಗೂ ನೇಯುವ ಜನಕ್ಕೂ ಕನ್ನಡವು ಒಂದೇ ಹೆಸರನ್ನಿಟ್ಟುದು ಯಾದೃಚ್ಛಿಕವೆಂದು ಹೇಳಲು ಯಾರಿಗೂ ಮನಸ್ಸು ಬಾರದು.

ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದಲ್ಲಿಯೂ ಅದನ್ನನುಸರಿಸಿ ಭೀಮಕವಿಯು ೧೩೬೯ರಲ್ಲಿ ರಚಿಸಿದ ಕನ್ನಡ ಬಸವಪುರಾಣದಲ್ಲಿಯೂ ದಾಸಿಮಯ್ಯನ ಕಥೆ ಬರುತ್ತದೆ. ಕಥೆಯ ಸಾರವಿಷ್ಟು: ಬಹುಕಾಲ ಶ್ರಮಪಟ್ಟು ನೆಯ್ದ ಅಪೂರ್ವವಾದ ವಸ್ತ್ರವನ್ನು ಜಂಗಮರೂಪಿನಲ್ಲಿ ಬಂದ ಶಿವನು ಬೇಡಿದನು; ದಾಸಿಮಯ್ಯ ಕೊಟ್ಟನು; ಜಂಗಮನು ಅವನ ಕಣ್ಣೆದುರಿನಲ್ಲಿಯೇ ಅದನ್ನು ಚೂರುಚೂರಾಗಿ ಹರಿದನು; ದಾಸಿಮಯ್ಯ ನೊಂದುಕೊಳ್ಳಲಿಲ್ಲ. ಆ ಭಕ್ತಿಗೆ ಮೆಚ್ಚಿ ಶಿವನು ಎಂದಿಗೂ ಬರಿದಾಗದ ತವನಿಧಿಯನ್ನು ದಯಪಾಲಿಸಿದನು.

ಈ ಕಥೆಯನ್ನು ಭಕ್ತಿಯ ದೃಷ್ಟಾಂತವಾಗಿ ಓದುವುದು ಪದ್ಧತಿ; ಅದು ಸರಿಯೂ ಹೌದು. ಆದರೆ ಉಡುಗೆಯ ಇತಿಹಾಸವನ್ನು ಬರೆಯುವವರಿಗೆ ಇದರಲ್ಲಿ ಇನ್ನೊಂದು ಅಂಶ ಕಾಣಿಸಬೇಕು. ಸೋಮೇಶ್ವರನ ಆಸ್ಥಾನದಲ್ಲಿ ನೋಡುವವನೇ ಸರ್ವಸ್ವ. ನೇಯ್ದವನು ಆ ಸಭೆಯಲ್ಲಿ ಇರುವುದೇ ಇಲ್ಲ. ಮುದನೂರಿನ ಕಥೆಯಲ್ಲಿ ನೋಡುವವನು ಸಾಕ್ಷಾತ್ ಶಿವನಾಗಿದ್ದರೂ ಪರೀಕ್ಷೆ ನಡೆಯುವುದು ಬಟ್ಟೆಯದಲ್ಲ, ನೇಯ್ದವನದು. ಬಟ್ಟೆ ಹರಿದುಹೋಯಿತು, ಅದರ ಅಂಚು ಹೇಗಿತ್ತು, ಬಣ್ಣ ಯಾವುದು ಎಂಬುದು ಕಥೆಗೆ ಮುಖ್ಯವಲ್ಲ. ನೇಯ್ದವನ ಹೆಸರು ಮಾತ್ರ ಉಳಿಯಿತು.

ಇದಕ್ಕೆ ಜೋಡಿಯಾಗಿ ನಿಲ್ಲುವುದು ಕಲ್ಯಾಣದ ಸಮಗಾರ ಹರಳಯ್ಯನ ಕಥೆ. ತನ್ನ ವಂದನೆಗೆ ಪ್ರತಿಯಾಗಿ ಬಸವಣ್ಣನು ಎರಡು ಬಾರಿ ಶರಣೆಂದನೆಂಬ ಕಾರಣದಿಂದ, ಆ ಋಣವನ್ನು ತೀರಿಸಲು ಹರಳಯ್ಯನೂ ಅವನ ಪತ್ನಿ ಕಲ್ಯಾಣಮ್ಮನೂ ತಮ್ಮ ತೊಡೆಯ ಚರ್ಮದಿಂದಲೇ ಪಾದರಕ್ಷೆಗಳನ್ನು ಮಾಡಿ ತಂದರೆಂದು ಪ್ರತೀತಿ. ಬಸವಣ್ಣನು ಅವನ್ನು ಕಾಲಿಗೆ ಮೆಟ್ಟಲು ಒಪ್ಪದೆ ತಲೆಯ ಮೇಲಿಟ್ಟುಕೊಂಡನು. ಚಪ್ಪಲಿಯನ್ನು ನೋಡಿ ಒಬ್ಬ ಪ್ರೇಕ್ಷಕನು ತೋರಿದ ಪ್ರತಿಕ್ರಿಯೆಯಾಗಿ ಇದಕ್ಕಿಂತ ದೊಡ್ಡದನ್ನು ಯಾವ ಸಾಹಿತ್ಯದಲ್ಲಿ ಹುಡುಕಬೇಕೋ ತಿಳಿಯದು. ಮೆಟ್ಟುವ ವಸ್ತುವಿನಲ್ಲಿ ಮಾಡಿದವನ ಮೈಯೇ ಇದೆಯೆಂದು ಬಲ್ಲವನಿಗೆ ಅದನ್ನು ಮೆಟ್ಟುವುದು ಅಸಾಧ್ಯವಾಯಿತು. ಶರಣರ ಹೆಸರುಗಳ ರಚನೆಯನ್ನೇ ನೋಡಬಹುದು: ಜೇಡರ ದಾಸಿಮಯ್ಯ, ಸಮಗಾರ ಹರಳಯ್ಯ, ಡೋಹರ ಕಕ್ಕಯ್ಯ, ಮಡಿವಾಳ ಮಾಚಿದೇವ, ಸೂಜಿಕಾಯಕದ ರಾಮಿತಂದೆ. ನೂಲು, ತೊಗಲು, ಮಡಿ, ಹೊಲಿಗೆ ಎಂಬ ಉಡುಗೆಯ ಅಂಗಗಳೆಲ್ಲ ಇಲ್ಲಿ ವ್ಯಕ್ತಿನಾಮಗಳೊಡನೆ ಕೂಡಿ ಬಂದಿವೆ. ಆದರೆ ಒಂದು ವಿಶೇಷವುಂಟು. ಇವರು ತಮ್ಮ ವಚನಗಳ ಕೊನೆಗೆ ಹಾಕಿದ ಅಂಕಿತ ತಮ್ಮ ಹೆಸರಲ್ಲ, ದೈವದ ಹೆಸರು. ಕರ್ತೃನಾಮವನ್ನು ಕಾಪಾಡಿದವರು ಕರ್ತೃಗಳಲ್ಲ; ಕೇಳಿದ ಸಮುದಾಯ.

ಸುರಪುರದ ಸಂಸ್ಥಾನಕ್ಕೆ ಬಂದರೆ ಚಿತ್ರ ಬದಲಾಗುತ್ತದೆ. ೧೭೦೫ರಲ್ಲಿ ಔರಂಗಜೇಬನು ಸ್ವತಃ ಮುತ್ತಿ ತೆಗೆದುಕೊಂಡ ವಾಗಿನಗೇರಿಯ ಕೋಟೆಯು ಬೇಡ ನಾಯಕರದು. ಮುಂದೆ ಆ ನಾಯಕರು ಸುರಪುರವನ್ನು ರಾಜಧಾನಿಯಾಗಿ ಮಾಡಿಕೊಂಡರು. ದರ್ಬಾರಿನಲ್ಲಿ ಉಡುಗೊರೆ ಕೊಡುವುದೂ ಪಡೆಯುವುದೂ ರಾಜಕಾರ್ಯದ ಅಂಗ. ಈ ಶಬ್ದದ ಪೂರ್ವಭಾಗದಲ್ಲಿರುವುದು ‘ಉಡು’ ಧಾತುವೆಂದು ತೋರುವುದರಿಂದ, ಕೊಡತಕ್ಕ ವಸ್ತುಗಳಲ್ಲಿ ಬಟ್ಟೆಯೇ ಪ್ರಧಾನವಾಗಿದ್ದ ಕಾಲವನ್ನು ಭಾಷೆಯು ನೆನಪಿಟ್ಟುಕೊಂಡಿದೆ. ಶಾಲು ಹೊದಿಸಿದವನ ಹೆಸರು ಅಲ್ಲಿ ಮುಖ್ಯ. ಅದನ್ನು ನೆಯ್ದ ಊರಾಗಲಿ ಕೈಯಾಗಲಿ ಅಲ್ಲ. ಹೀಗೆ ಪ್ರದರ್ಶಕನಾಮವು ಅರಮನೆಯ ಬಾಗಿಲಿನಿಂದಲೇ ಒಳಹೊಕ್ಕಿತು.

ಅದೇ ಆಸ್ಥಾನದ ಆಶ್ರಯದಲ್ಲಿ ಬೆಳೆದ ಸುರಪುರ ಶೈಲಿಯ ಚಿತ್ರಕಲೆಯು ಭರತನ ನಿಯಮಕ್ಕೆ ಉತ್ತಮವಾದ ಉದಾಹರಣೆ. ಗರುಡಾದ್ರಿ ಮನೆತನದ ಚಿತ್ರಕಾರರ ಹೆಸರು ಇದರೊಡನೆ ಬೆರೆತುಕೊಂಡಿದೆ. ಚಿಕ್ಕ ಅಳತೆಯ ಈ ಚಿತ್ರಗಳಲ್ಲಿ ದೇವತೆಗಳೂ ಅರಸರೂ ಚಿನ್ನದ ಲೇಪದಿಂದ ಹೊಳೆಯುವ ಆಭರಣಗಳೊಡನೆ, ಅಂಚು ಸೆರಗುಗಳೊಡನೆ ಕುಳಿತಿರುತ್ತಾರೆ. ನೇಪಥ್ಯದ ಪ್ರಾಶ್ನಿಕನು ಇಲ್ಲಿ ತೀರ್ಪನ್ನು ಬಾಯಿಂದ ಹೇಳದೆ ಕುಂಚದಿಂದ ಹೇಳಿದನು: ಯಾವ ಅಂಚಿಗೆ ಚಿನ್ನ ಸಲ್ಲಬೇಕೋ ಅದಕ್ಕೆ ಚಿನ್ನವನ್ನಿಟ್ಟನು.

ಆಂಗ್ಲ ಅಧಿಕಾರಿಯಾದ ಫಿಲಿಪ್ ಮೆಡೋಸ್ ಟೇಲರನು ೧೮೪೧ರಿಂದ ೧೮೫೩ರವರೆಗೆ ಇಲ್ಲಿದ್ದು ಬಾಲಕನಾದ ರಾಜಾ ವೆಂಕಟಪ್ಪನಾಯಕನ ಪರವಾಗಿ ಆಡಳಿತವನ್ನು ನೋಡಿಕೊಂಡನು. ಬೆಟ್ಟದ ಮೇಲೆ ಅವನು ಕಟ್ಟಿಸಿದ ಮನೆಯೂ, ಅವನ ಮರಣಾನಂತರ ೧೮೭೭ರಲ್ಲಿ ಅಚ್ಚಾದ ಆತ್ಮಚರಿತ್ರೆಯೂ ಉಳಿದಿವೆ. ೧೮೫೮ರ ಫೆಬ್ರವರಿಯಲ್ಲಿ ಸುರಪುರವು ಬ್ರಿಟಿಷರ ವಶವಾಯಿತು. ಸೆರೆಸಿಕ್ಕಿದ ವೆಂಕಟಪ್ಪನಾಯಕನು ಅದೇ ವರ್ಷ ಗುಂಡಿನಿಂದ ಮೃತನಾದನು. ೧೮೬೦ರಲ್ಲಿ ಸಂಸ್ಥಾನವು ನಿಜಾಮನ ರಾಜ್ಯಕ್ಕೆ ಸೇರಿಹೋಯಿತು. ದರ್ಬಾರು ಅಳಿದ ಮೇಲೆ ಚಿತ್ರಕಾರನಿಗೆ ನೋಡಲು ಉಡುಗೆಯೂ ಇಲ್ಲ, ತೋರಿಸಲು ಒಡೆಯನೂ ಇಲ್ಲ.

ಇತಿಹಾಸದಲ್ಲಿ ಕೆಲವು ಸಮಕಾಲೀನತೆಗಳು ಕಾರ್ಯಕಾರಣಸಂಬಂಧವಿಲ್ಲದೆಯೂ ಬೋಧಪ್ರದವಾಗಿರುತ್ತವೆ. ಸುರಪುರದ ದರ್ಬಾರು ಮುಗಿದ ಅದೇ ೧೮೫೮ರಲ್ಲಿ ಪ್ಯಾರಿಸ್ ನಗರದ ರ್ಯೂ ದ ಲಾ ಪೆ ಎಂಬ ಬೀದಿಯಲ್ಲಿ ಚಾರ್ಲ್ಸ್ ಫ್ರೆಡರಿಕ್ ವರ್ತ್ ಎಂಬ ಆಂಗ್ಲನು ತನ್ನ ಉಡುಗೆಯ ಮಳಿಗೆಯನ್ನು ತೆರೆದನು. ಅದುವರೆಗೆ ಹೊಲಿಗೆಯವನು ಗಿರಾಕಿಯ ಮನೆಗೆ ಹೋಗಿ, ಅವರು ಹೇಳಿದಂತೆ ಹೊಲಿದುಕೊಡುತ್ತಿದ್ದನು. ವರ್ತನು ಆ ಕ್ರಮವನ್ನು ತಲೆಕೆಳಗುಮಾಡಿದನು. ತಾನೇ ಕಲ್ಪಿಸಿದ ಉಡುಗೆಗಳನ್ನು ಜೀವಂತರಾದ ಹೆಂಗಸರಿಗೆ ತೊಡಿಸಿ ಗಿರಾಕಿಗಳ ಮುಂದೆ ನಡೆಯಿಸಿದನು. ತನ್ನ ಹೆಸರನ್ನು ಬರೆದ ಚೀಟಿಯನ್ನು ಉಡುಗೆಯ ಒಳಮೈಗೆ ಹೊಲಿಯಿಸಿದನು. ರಾಮನಾಥನ ಅಂಕಿತಕ್ಕೂ ಈ ಅಂಕಿತಕ್ಕೂ ಇರುವ ಅಂತರವನ್ನು ವಿವರಿಸಬೇಕಾಗಿಲ್ಲ. ಮುಂದೆ ೧೯೪೩ರಲ್ಲಿ ನ್ಯೂಯಾರ್ಕಿನಲ್ಲಿ ಪತ್ರಿಕಾಕರ್ತರಿಗಾಗಿ ಏರ್ಪಟ್ಟ ಪ್ರದರ್ಶನವಾರ, ೧೯೭೩ರಿಂದ ಪ್ಯಾರಿಸಿನ ಸಂಘಟಿತ ಸಪ್ತಾಹ, ೧೯೯೮ರಲ್ಲಿ ಭಾರತೀಯ ವಿನ್ಯಾಸಕಾರರ ಮಂಡಲಿಯ ಸ್ಥಾಪನೆ, ೨೦೦೦ದಲ್ಲಿ ದೆಹಲಿಯ ಮೊದಲನೆಯ ಸಪ್ತಾಹ, ಇವೆಲ್ಲವೂ ವರ್ತನ ಚೀಟಿಯ ವಿಸ್ತರಣೆಗಳೇ.

ಪ್ಯಾರಿಸಿನಲ್ಲಿ ಪ್ರದರ್ಶಕನಾಮವು ಹೀಗೆ ಏರುತ್ತಿದ್ದಾಗ ಲಂಡನ್ನಿನಲ್ಲಿ ಇನ್ನೊಂದು ಬಗೆಯ ಸಂಗ್ರಹ ಸಿದ್ಧವಾಗುತ್ತಿತ್ತು. ೧೮೫೧ರ ಮಹಾಪ್ರದರ್ಶನದಲ್ಲಿ ಭಾರತದ ಬಟ್ಟೆಗಳನ್ನು ಕಂಡು ಓವೆನ್ ಜೋನ್ಸನಂತಹ ಅಲಂಕಾರಶಾಸ್ತ್ರಜ್ಞರು ಬೆರಗಾಗಿದ್ದರು. ಬೆರಗು ಬೇಗನೆ ಲೆಕ್ಕಕ್ಕೆ ತಿರುಗಿತು. ೧೮೬೬ರಲ್ಲಿ ಜಾನ್ ಫೋರ್ಬ್ಸ್ ವಾಟ್ಸನನು ಭಾರತೀಯ ಬಟ್ಟೆಗಳ ಏಳುನೂರು ತುಣುಕುಗಳನ್ನು ಹದಿನೆಂಟು ಸಂಪುಟಗಳಲ್ಲಿ ಅಂಟಿಸಿ, ಇಪ್ಪತ್ತು ಪ್ರತಿಗಳನ್ನು ಮಾಡಿಸಿದನು. ಹದಿಮೂರು ಬ್ರಿಟನ್ನಿನಲ್ಲಿ ಉಳಿದುವು, ಏಳು ಭಾರತಕ್ಕೆ ಬಂದುವು. ಬ್ರಿಟನ್ನಿನ ಗಿರಣಿಗಳವರು ಇಲ್ಲಿಯ ಜನ ಉಡುವುದೇನೆಂದು ತಿಳಿದು ಅದನ್ನೇ ಯಂತ್ರದಿಂದ ತಯಾರಿಸಲಿ ಎಂಬುದೇ ಉದ್ದೇಶ. ಅವನ ಸಂಪುಟಗಳಲ್ಲಿ ಬಟ್ಟೆಯ ಉದ್ದಗಲ, ತೂಕ, ಬೆಲೆ, ದೊರೆತ ಸ್ಥಳ ಎಲ್ಲವೂ ಕ್ರಮವಾಗಿ ನಮೂದಾಗಿವೆ. ನೇಯ್ದವನ ಹೆಸರು ಇಲ್ಲಿಯೂ ಇಲ್ಲ. ದಾಸಿಮಯ್ಯನ ಬಟ್ಟೆಯನ್ನು ಜಂಗಮನು ಹರಿದನು, ವಾಟ್ಸನನೂ ಹರಿದನು. ಮೊದಲನೆಯ ಸಲ ಬಟ್ಟೆ ಹೋಗಿ ಹೆಸರು ಉಳಿದಿತ್ತು. ಎರಡನೆಯ ಸಲ ತುಣುಕು ಉಳಿದು ಹೆಸರು ಹೋಯಿತು.

ಈ ಹಿನ್ನೆಲೆಯಿಂದ ಮಿಲಾನಿನ ಪ್ರಕರಣವನ್ನು ನೋಡಿದರೆ ಅದರ ತೊಡಕು ಬಿಡಿಸಿಕೊಳ್ಳುತ್ತದೆ. ಕೊಲ್ಹಾಪುರೀ ಚಪ್ಪಲಿಗೆ ೨೦೧೯ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿತ್ತು. ಅದು ಮಹಾರಾಷ್ಟ್ರ, ಕರ್ನಾಟಕ ಎರಡು ರಾಜ್ಯಗಳಿಗೂ ಸೇರಿದ ಮಾನ್ಯತೆ: ಅಲ್ಲಿಯ ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೊಲ್ಲಾಪುರ, ಇಲ್ಲಿಯ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. ಪ್ರಾಡಾ ಸಂಸ್ಥೆಯ ಮೇಲಿನ ಮೊದಲ ಆಕ್ಷೇಪ ಮಹಾರಾಷ್ಟ್ರದ ವಾಣಿಜ್ಯಮಂಡಲಿಯಿಂದ ಬಂದಿತು. ಜೂನ್ ತಿಂಗಳು ಮುಗಿಯುವ ಮೊದಲೇ ಸಂಸ್ಥೆಯು ಆ ಪಾದರಕ್ಷೆಗಳಿಗೆ ಭಾರತದ ಸಾಂಪ್ರದಾಯಿಕ ಕೈಕೆಲಸವೇ ಪ್ರೇರಣೆಯೆಂದು ಒಪ್ಪಿಕೊಂಡಿತು. ಅಷ್ಟರಲ್ಲಿ ಎರಡನೆಯ ಆಕ್ಷೇಪವೊಂದು ಎದ್ದಿತು. ಯಾದಗಿರಿಗೆ ನೆರೆಯ ಚಿತ್ತಾಪುರದ ಶಾಸಕರೂ ರಾಜ್ಯದ ಸಚಿವರೂ ಆದ ಪ್ರಿಯಾಂಕ್ ಖರ್ಗೆಯವರು, ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ ಮೊದಲಾದ ಕಡೆಗಳ ಕುಶಲಕರ್ಮಿಗಳು ತಲೆಮಾರುಗಳಿಂದ ಈ ಚಪ್ಪಲಿಗಳನ್ನು ಮಾಡುತ್ತಿದ್ದಾರೆಂದೂ, ಕೊಲ್ಹಾಪುರವು ಅವುಗಳ ಮಾರುಕಟ್ಟೆಯಾದುದರಿಂದ ಆ ಹೆಸರು ನಿಂತಿತೆಂದೂ ಜ್ಞಾಪಿಸಿದರು.

ಈ ಎರಡನೆಯ ಆಕ್ಷೇಪವೇ ವಿಚಾರಾರ್ಹ. ಮೊದಲನೆಯದರಲ್ಲಿ ಪ್ರದರ್ಶಕನಾಮದ ವಿರುದ್ಧ ದೇಶನಾಮವನ್ನು ಎತ್ತಿದರು. ಎರಡನೆಯದು ಆ ದೇಶನಾಮವನ್ನೇ ಪ್ರಶ್ನಿಸಿತು. ಊರಿನ ಹೆಸರು ಮಾಡಿದ ಸ್ಥಳವನ್ನು ಸೂಚಿಸುತ್ತದೆಯೋ ಮಾರಿದ ಸ್ಥಳವನ್ನೋ? ಸೋಮೇಶ್ವರನ ನಾಗಪಟ್ಟಣವು ರೇವುಪಟ್ಟಣ. ಅಲ್ಲಿಂದ ಹಡಗಿಗೂ ಬಂಡಿಗೂ ಏರಿದ ಬಟ್ಟೆಯೆಲ್ಲ ಆ ಊರಿನ ಮಗ್ಗದಲ್ಲಿಯೇ ಹುಟ್ಟಿತೆಂದು ನಂಬಲು ಆಧಾರವಿಲ್ಲ. ದೇಶನಾಮವು ಬಹುಕಾಲದಿಂದಲೂ ವರ್ತಕನ ನಾಲಗೆಯ ಮೇಲಿನ ಹೆಸರೇ ಆಗಿದ್ದಿರಬೇಕು. ಜಾಲಿಯ ತೊಗಟೆ, ಅಳಲೆಕಾಯಿಗಳಿಂದ ಹದಮಾಡಿದ ತೊಗಲನ್ನು ಮೊಳೆಯಿಲ್ಲದೆ ತೊಗಲಿನ ಎಳೆಯಿಂದಲೇ ಹೊಲಿಯುವ ಕೆಲಸ ಅಥಣಿಯ ಕೇರಿಯಲ್ಲಿ ನಡೆದರೂ, ಪೇಟೆಯಲ್ಲಿ ಅದರ ಹೆಸರು ಕೊಲ್ಹಾಪುರವೇ.

ಸಗರನಾಡಿಗೆ ಇದೇ ನ್ಯಾಯ ಇನ್ನೂ ಕಠಿಣವಾಗಿ ತಗಲುತ್ತದೆ. ಇಲ್ಲಿಯ ಹೆಂಗಸರು ಉಟ್ಟುದು ಇಳಕಲ್ಲಿನ ಸೀರೆ, ತೊಟ್ಟುದು ಗುಳೇದಗುಡ್ಡದ ಖಣದ ಕುಪ್ಪಸ. ಇಳಕಲ್ಲಿನ ಸೀರೆಯ ಮೈಹಾಸನ್ನೂ ಸೆರಗಿನ ಹಾಸನ್ನೂ ಕೊಂಡಿಗಳಿಂದ ಕೂಡಿಸುವ ಕೌಶಲವೂ, ಕೆಂಪು ಬಿಳುಪಿನ ಟೋಪ್ ತೆಣಿ ಸೆರಗೂ, ಗೋಮಿ, ಪರಾಸಪೇಟ, ಗಾಡಿ ಎಂಬ ದಡಿಗಳೂ ಸುಪರಿಚಿತವಾದುವು. ದಾಸಿಮಯ್ಯನ ಮುದನೂರಿನ ಹೆಸರನ್ನು ಹೊತ್ತ ಸೀರೆ ಯಾವ ಪೇಟೆಯಲ್ಲಿಯೂ ಇಲ್ಲ. ಕಾಲುವೆ ಬಂದ ಮೇಲೆ ಈ ಮೂರು ತಾಲೂಕುಗಳ ಕಪ್ಪುಮಣ್ಣಿನಲ್ಲಿ ಹತ್ತಿ ಹೇರಳವಾಗಿ ಬೆಳೆಯುತ್ತದೆ. ಅರಳೆಯು ಎಳೆಯ ಉದ್ದದಿಂದಲೂ ತೂಕದಿಂದಲೂ ಬೆಲೆಗೊಂಡು ಊರಿನ ಹೆಸರಿಲ್ಲದೆ ಹೊರಟುಹೋಗುತ್ತದೆ. ಯಾದಗಿರಿ, ಶಹಾಪುರ, ಸುರಪುರಗಳ ಸುತ್ತಣ ತಾಂಡೆಗಳಲ್ಲಿ ಲಂಬಾಣಿ ಹೆಂಗಸರು ಕನ್ನಡಿ, ಕವಡೆಗಳನ್ನು ಕೂಡಿಸಿ ಹೊಲಿಯುವ ಕಸೂತಿಯುಂಟು. ಕಾನೂನಿನಲ್ಲಿ ನಮೂದಾಗಿರುವುದು ಸಂಡೂರಿನ ಲಂಬಾಣಿ ಕಸೂತಿ. ೨೦೨೩ರ ಜುಲೈ ತಿಂಗಳಲ್ಲಿ ಹಂಪೆಯಲ್ಲಿ ಜಿ-೨೦ ಸಂಸ್ಕೃತಿಸಭೆ ನಡೆದಾಗ ಸಂಡೂರಿನ ಕುಶಲ ಕಲಾ ಕೇಂದ್ರದ ಹೆಂಗಸರ ೧,೭೫೫ ವಸ್ತುಗಳನ್ನು ಒಟ್ಟಿಗೆ ಪ್ರದರ್ಶಿಸಿ ಗಿನ್ನೆಸ್ ದಾಖಲೆ ಪಡೆದರು. ಸಂಡೂರಿನವರ ಪರಿಶ್ರಮ ಶ್ಲಾಘ್ಯವೇ. ಆದರೆ ಒಂದೇ ಜನ, ಒಂದೇ ಹೊಲಿಗೆ ಇದ್ದರೂ ಒಂದು ಊರಿನ ಹೆಸರು ನಮೂದಾದಾಗ ಇತರ ಊರುಗಳ ಕೈಗಳು ಹೆಸರಿನ ಹೊರಗುಳಿಯುತ್ತವೆ. ದೇಶನಾಮವು ರಕ್ಷೆಯೂ ಹೌದು, ಬೇಲಿಯೂ ಹೌದು.

ಆದುದರಿಂದ ಪ್ರದರ್ಶನವೊಂದನ್ನು ವಿಮರ್ಶಿಸುವವರು ವಿನ್ಯಾಸಕಾರನು ಊರಿನ ಹೆಸರನ್ನು ಹೇಳಿದನೋ ಇಲ್ಲವೋ ಎಂಬಷ್ಟಕ್ಕೇ ತೃಪ್ತರಾಗುವುದು ಸಾಲದು. ಮಿಲಾನಿನಲ್ಲಿ ಕೊಲ್ಹಾಪುರವೆಂದು ಬರೆದ ಹಲಗೆಯೊಂದನ್ನು ನಿಲ್ಲಿಸಿದ್ದರೆ ಕೋಲಾಹಲವೇಳುತ್ತಿರಲಿಲ್ಲ. ಅಥಣಿಯ ಹೊಲಿಗೆಯವನಿಗೆ ಅದರಿಂದ ಆಗುತ್ತಿದ್ದ ಲಾಭವೂ ಇರಲಿಲ್ಲ. ಮುಂಬಯಿಯ ಉಚ್ಚನ್ಯಾಯಾಲಯಕ್ಕೆ ಈ ವಿಷಯವಾಗಿ ಸಲ್ಲಿಸಿದ್ದ ಸಾರ್ವಜನಿಕ ಅರ್ಜಿಯು ೨೦೨೫ರ ಜುಲೈ ತಿಂಗಳಲ್ಲಿ ತಳ್ಳಿಹೋಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಪ್ರಾಡಾ ಸಂಸ್ಥೆಯು ಎರಡೂ ರಾಜ್ಯಗಳ ಚರ್ಮೋದ್ಯಮ ನಿಗಮಗಳೊಡನೆ, ಎಂದರೆ ಅಲ್ಲಿಯ ಲಿಡ್ಕಾಂ, ಇಲ್ಲಿಯ ಲಿಡ್ಕರ್‌ಗಳೊಡನೆ, ಒಡಂಬಡಿಕೆ ಮಾಡಿಕೊಂಡು ಎರಡು ಸಾವಿರ ಜೋಡಿಗಳನ್ನು ಇಲ್ಲಿಯೇ ಮಾಡಿಸುವುದಾಗಿ ಪ್ರಕಟಿಸಿತು. ಒಡಂಬಡಿಕೆಯಲ್ಲಿ ಸಂಸ್ಥೆಯ ಹೆಸರಿದೆ, ನಿಗಮಗಳ ಹೆಸರಿದೆ, ರಾಜ್ಯಗಳ ಹೆಸರಿದೆ.

ಮೂರನೆಯ ಹೆಸರಿಗೆ ಕಾನೂನಿನಲ್ಲಿ ಸ್ಥಳವಿಲ್ಲದಿಲ್ಲ. ೧೯೯೯ರಲ್ಲಿ ಅಂಗೀಕೃತವಾಗಿ ೨೦೦೩ರ ಸೆಪ್ಟೆಂಬರಿನಿಂದ ಜಾರಿಗೆ ಬಂದ ಭೌಗೋಳಿಕ ಸೂಚಕಗಳ ಅಧಿನಿಯಮದಂತೆ ನೋಂದಣಿಯ ಪುಸ್ತಕಕ್ಕೆ ಎರಡು ಭಾಗಗಳಿವೆ. ಮೊದಲ ಭಾಗದಲ್ಲಿ ಊರಿನ ಹೆಸರನ್ನು ಹೊತ್ತ ವಸ್ತು. ಎರಡನೆಯ ಭಾಗದಲ್ಲಿ ಆ ಹೆಸರನ್ನು ಬಳಸಲು ಅಧಿಕಾರ ಪಡೆದವರು. ನೇಕಾರನಾಗಲಿ ಸಮಗಾರನಾಗಲಿ ತನ್ನ ಹೆಸರಿನಿಂದಲೇ ಅರ್ಜಿ ಕೊಟ್ಟು ಎರಡನೆಯ ಭಾಗದಲ್ಲಿ ಸೇರಬಹುದು. ಹಾಗೆ ಸೇರಿದ ಹೆಸರಿಗೆ ಆಯುಸ್ಸು ಹತ್ತು ವರ್ಷ. ಅವಧಿಯೊಳಗೆ ಶುಲ್ಕ ಕೊಟ್ಟು ನವೀಕರಿಸದಿದ್ದರೆ ಅದನ್ನು ಪುಸ್ತಕದಿಂದ ತೆಗೆದುಹಾಕಬಹುದು.